ಕಷ್ಟ ತೀರಿದ ಮೇಲೆ ಕೃತಜ್ಞತೆಯೇ?

'ಈ ವರ್ಷ ಹೇಗಿತ್ತು?' ಎಂದು ಯಾರಾದರೂ ಕೇಳಿದರೆ ನೀವು ಏನೆಂದು ಉತ್ತರಿಸುತ್ತೀರಿ, ಓದುಗರೇ? ನಮ್ಮಲ್ಲಿ ಹೆಚ್ಚಿನವರು ಬಾಯಿ ತುಂಬ 'ಅಲ್‌ಹಮ್ದುಲಿಲ್ಲಾಹ್' ಎನ್ನುತ್ತೇವೆ. ಅದರ ಬೆನ್ನಿಗೇ 'ಆದರೆ' ಎಂಬ ಪದವೊಂದು ಹೊರಡುತ್ತದೆ. ಆದರೆ ಕೆಲಸ ಇನ್ನೂ ಖಾಯಂ ಆಗಿಲ್ಲ, ಆದರೆ ಮನೆಯ ದುರಸ್ತಿ ಅರ್ಧಕ್ಕೆ ನಿಂತಿದೆ, ಆದರೆ ಮಗನ ಫೀಸು ಬಾಕಿಯಿದೆ. ಸ್ತುತಿ ನಾಲಗೆಯ ಮೇಲೆ, ಲೆಕ್ಕ ಹೃದಯದೊಳಗೆ. ಈ ಲೆಕ್ಕ ಮುಗಿಯುವವರೆಗೆ ಕೃತಜ್ಞತೆ ಕಾದು ನಿಲ್ಲಬೇಕೇ ಎಂಬುದು ನಾವು ಆಲೋಚಿಸಬೇಕಾದ ಪ್ರಶ್ನೆ.

ನನಗೆ ಚೆನ್ನಾಗಿ ಪರಿಚಯವಿರುವ ಕುಟುಂಬವೊಂದರ ಒಂದು ವರ್ಷವನ್ನು ನೋಡೋಣ. ಮನೆಯ ಯಜಮಾನರು ಹಲವು ವರ್ಷ ಸೌದಿ ಅರೇಬಿಯಾದಲ್ಲಿ ದುಡಿದವರು. 2017ರ ಜುಲೈಯಿಂದ ಅಲ್ಲಿನ ಸರಕಾರವು ವಿದೇಶಿ ನೌಕರರ ಅವಲಂಬಿತರಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ಅದು ವರ್ಷಕ್ಕೆ 100ರಂತೆ ಏರಿ 2020ರಲ್ಲಿ 400 ಆಯಿತು. ಮಡದಿ ಮತ್ತು ಮೂವರು ಮಕ್ಕಳು ಜೊತೆಗಿದ್ದರೆ ಎಷ್ಟಾಯಿತೆಂದು ನೀವೇ ಗುಣಿಸಿ. ಕರಾವಳಿಯ ಎಷ್ಟೋ ಮಂದಿಯಂತೆ ಅವರೂ ಮೊದಲು ಸಂಸಾರವನ್ನು ಊರಿಗೆ ಕಳುಹಿಸಿದರು, ಆ ಬಳಿಕ ತಾವೂ ಬಂದರು. ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ವಾಸ ತಂದೆ ಕಟ್ಟಿಸಿದ ಹಳೆಯ ಹಂಚಿನ ಮನೆಯಲ್ಲಿ.

ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ನಾಡಿನಾದ್ಯಂತ ಹಬ್ಬಿದ ಈ ಕೆಂಪು ಹಂಚಿಗೆ ಆಯುಷ್ಯ ಹೆಚ್ಚು. ಅದನ್ನು ಹೊರುವ ಮರಕ್ಕೆ ಅಷ್ಟಿಲ್ಲ. ಆ ಮನೆಯ ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಪ್ರತಿ ಬೇಸಿಗೆಯಲ್ಲೂ ಹಂಚು ಕೈಯಾಡಿಸಿದರೆ ಸಾಕಾಗುತ್ತಿದ್ದ ಕಾಲ ಮುಗಿದಿತ್ತು. ಮೇ ತಿಂಗಳಲ್ಲಿ ಕೈಯಲ್ಲಿದ್ದ ಹಣಕ್ಕೆ ಅರ್ಧ ಮಾಡು ಮಾತ್ರ ಹೊಸತಾಯಿತು, ಉಳಿದರ್ಧಕ್ಕೆ ಟರ್ಪಾಲು ಹೊದೆಸಿದರು. ಜುಲೈಯಲ್ಲಿ ಅಂಗಡಿ ಮುಚ್ಚಿತು, ಕೆಲಸ ಹೋಯಿತು.

ಅದೇ ಜುಲೈಯಲ್ಲಿ ಕಿರಿಯ ಮಗಳು ಕುರ್‌ಆನನ್ನು ಮೊದಲ ಬಾರಿ ಪೂರ್ತಿ ಓದಿ ಮುಗಿಸಿದಳು. ಮದ್ರಸದಿಂದ ಮಳೆಯಲ್ಲೇ ಓಡಿ ಬಂದು ತಂದೆಗೆ ಹೇಳಿದಳು. 'ಆಗಲಿ ಮಗಳೇ, ನನಗೊಂದು ಕೆಲಸ ಸಿಗಲಿ, ಆಮೇಲೆ ನಾಲ್ಕು ಜನರನ್ನು ಕರೆದು ಸಂತೋಷ ಪಡೋಣ' ಎಂದರು ಅವರು. ಒಳಗಿನಿಂದ ಮಡದಿ ಕೇಳಿದ್ದು ಇಷ್ಟೇ: 'ಅವಳು ಓದಿ ಮುಗಿಸಿದ್ದು ಇವತ್ತಲ್ಲವೇ?' ಆ ಸಂಜೆ ಅಕ್ಕಪಕ್ಕದ ಐದಾರು ಮಕ್ಕಳಿಗೆ ಪಾಯಸ ಸಿಕ್ಕಿತು. ಒಂದು ಮೂಲೆಯಲ್ಲಿ ಟರ್ಪಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಅದರ ಕೆಳಗೆ ಬಾಲ್ದಿ ಇತ್ತು.

ಆ ತಾಯಿಯ ಪ್ರಶ್ನೆ ಯಾವ ಪ್ರವಚನಕ್ಕೂ ಕಡಿಮೆಯದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಮಗುವಿನ ಸಂತೋಷಕ್ಕೆ ಒಂದು ವಯಸ್ಸಿದೆ. ತಂದೆಯ ಉದ್ಯೋಗ ಖಾಯಂ ಆಗುವ ತನಕ ಅದು ಹಾಗೆಯೇ ಉಳಿಯುವುದಿಲ್ಲ.

ಹಾಗೆಂದು ಚಿಂತಿಸುವುದೇ ವಿಶ್ವಾಸದ ಕೊರತೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಮಿಂಬರಿನಿಂದ ಹಾಗೆ ಹೇಳುವುದು ಸುಲಭ, ಮುಂದಿನ ತಿಂಗಳ ಅಕ್ಕಿಯ ಲೆಕ್ಕ ಹಾಕುತ್ತ ಕೆಳಗೆ ಕುಳಿತವನಿಗೆ ಅದು ಕಷ್ಟ. ಪ್ರವಾದಿ ಯೂಸುಫ್(ಅ) ಬರಗಾಲದ ಏಳು ವರ್ಷಗಳಿಗಾಗಿ ಸಮೃದ್ಧಿಯ ಏಳು ವರ್ಷಗಳಲ್ಲೇ ಧಾನ್ಯ ಕೂಡಿಡಲು ಹೇಳಿದರು. ನಾಳಿನ ಕುರಿತ ಅಂತಹ ಚಿಂತೆ ಹೊಣೆಗಾರಿಕೆಯ ಇನ್ನೊಂದು ಹೆಸರು. ಅದು ಕಹಿಯಾಗುವುದು ಇಂದಿನ ಅನುಗ್ರಹವನ್ನೂ ಅಡವಿಟ್ಟಾಗ.

ಸೋರುವ ಮಾಡಿನ ಮಾತು ಬಂದಾಗಲೆಲ್ಲ ನನಗೆ ಮದೀನಾದ ಮಸೀದಿ ನೆನಪಾಗುತ್ತದೆ. ಪ್ರವಾದಿವರ್ಯರ(ಸ) ಕಾಲದಲ್ಲಿ ಅದರ ಮಾಡು ಖರ್ಜೂರದ ಗರಿಗಳದ್ದು. ರಮಝಾನಿನ 21ರ ರಾತ್ರಿ ಮಳೆ ಬಂದು ಮಾಡು ಸೋರಿತೆಂದೂ, ಬೆಳಗ್ಗೆ ಪ್ರವಾದಿವರ್ಯರು(ಸ) ನೀರು ಕೆಸರಿನಲ್ಲೇ ಸುಜೂದ್ ಮಾಡಿದರೆಂದೂ, ಅವರ ಹಣೆಯಲ್ಲಿ ಕೆಸರಿನ ಗುರುತು ಕಂಡಿತೆಂದೂ ಅಬೂ ಸಈದುಲ್ ಖುದ್ರಿ(ರ) ವರದಿ ಮಾಡಿದ್ದಾರೆ. ಮಾಡು ಸರಿಯಾದ ಮೇಲೆ ನಮಾಝ್ ಎಂದು ಯಾರೂ ಹೇಳಲಿಲ್ಲ. ನಮಾಝ್ ಆಯಿತಲ್ಲ, ಇನ್ನು ಮಾಡೇಕೆ ಎಂದೂ ಹೇಳಲಿಲ್ಲ. ಉಮರ್(ರ) ಅದನ್ನು ವಿಸ್ತರಿಸಿ ಮತ್ತೆ ಕಟ್ಟಿಸಿದರು. ಉಸ್ಮಾನ್(ರ) ಕೆತ್ತಿದ ಕಲ್ಲಿನ ಗೋಡೆ, ತೇಗದ ಮಾಡು ಮಾಡಿಸಿದರು.

ಮತ್ತೆ ಆ ಮನೆಗೆ ಬರೋಣ. ಕೆಲಸವಿಲ್ಲದ ಗಂಡಸಿಗೆ ಹಣದ ಅಡಚಣೆಗಿಂತ ದೊಡ್ಡದು ಮುಖದ ಅಡಚಣೆ. ಅವರು ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟರು, ಜುಮುಅಕ್ಕೆ ತಡವಾಗಿ ಬಂದು ಕೊನೆಯ ಸಾಲಿನಲ್ಲಿ ನಿಂತು ಬೇಗ ಹೊರಡುತ್ತಿದ್ದರು. ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಹಿರಿಯ ಮಗನನ್ನು ಜೊತೆಗೆ ಸೇರಿಸಿಕೊಂಡು ತಾವೇ ಮಾಡು ಹತ್ತಿದರು. ಹಂಚು ಇಳಿಸಿ, ಪಾಚಿ ಉಜ್ಜಿ, ಗೆದ್ದಲು ತಿಂದ ರೀಪು ಕಿತ್ತು ಹೊಸದನ್ನು ಬಡಿದರು. ಬಡಗಿ ಬಂದದ್ದು ಎರಡೇ ದಿನ. ಒಂದು ತಿಂಗಳು ಬೆಳಗ್ಗಿನಿಂದ ಅಸ್ರ್‌ವರೆಗೆ ದುಡಿದ ಆ ಮನುಷ್ಯನನ್ನು ಸಂಬಂಧಿಕರು ವರ್ಣಿಸಿದ್ದು ಹೇಗೆ ಗೊತ್ತೇ? 'ಸುಮ್ಮನೆ ಮನೆಯಲ್ಲಿದ್ದಾನೆ.'

ಸಂಬಳ ಬಂದರೆ ಮಾತ್ರ ಕೆಲಸ ಎಂಬ ಈ ಭಾಷೆಯನ್ನು ನಾವು ಎಲ್ಲಿಂದ ಕಲಿತೆವು? ಪ್ರವಾದಿವರ್ಯರು(ಸ) ಮನೆಯಲ್ಲಿ ತಮ್ಮ ಚಪ್ಪಲಿಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು, ಬಟ್ಟೆ ಹೊಲಿದುಕೊಳ್ಳುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ಶುಕ್ರವಾರ ನಮ್ಮಲ್ಲಿ ಅನೇಕರು ಓದುವ ಸೂರಃ ಅಲ್‌ಕಹ್ಫ್‌ನಲ್ಲಿ ಬೀಳಲಿದ್ದ ಗೋಡೆಯ ಪ್ರಸಂಗವಿದೆ. ಊಟ ಕೊಡಲು ನಿರಾಕರಿಸಿದ ಊರಿನಲ್ಲಿ ಮೂಸಾರ(ಅ) ಜೊತೆಗಾರರು ಆ ಗೋಡೆಯನ್ನು ನೆಟ್ಟಗೆ ನಿಲ್ಲಿಸಿದರು. ಬೇಕಿದ್ದರೆ ಇದಕ್ಕೆ ಕೂಲಿ ಪಡೆಯಬಹುದಿತ್ತಲ್ಲ ಎಂಬುದು ಮೂಸಾರ(ಅ) ಆಕ್ಷೇಪ. ಹಸಿದವನ ಆಕ್ಷೇಪ ಅದು, ನ್ಯಾಯವಾದದ್ದೇ. ಗೋಡೆಯ ಕೆಳಗೆ ಇಬ್ಬರು ಅನಾಥ ಮಕ್ಕಳ ನಿಧಿ ಇತ್ತೆಂದೂ ಅವರ ತಂದೆ ಸಜ್ಜನನಾಗಿದ್ದನೆಂದೂ ಆಮೇಲೆ ತಿಳಿಯುತ್ತದೆ. ಕೂಲಿಯಿಲ್ಲದ ಆ ದುರಸ್ತಿಯ ಫಲ ದೊಡ್ಡವರಾಗಲಿರುವ ಮಕ್ಕಳಿಗೆ.

ಡಿಸೆಂಬರಿನಲ್ಲಿ ಅವರಿಗೆ ಗೋದಾಮೊಂದರಲ್ಲಿ ಕೆಲಸ ದೊರೆಯಿತು. ಸಂಬಳ ಮೊದಲಿಗಿಂತ ಕಡಿಮೆ, ಅದೂ ಆರು ತಿಂಗಳ ಮಟ್ಟಿಗೆ. ಮಾಡು ಈಗ ಸೋರುವುದಿಲ್ಲ. ಅಡುಗೆ ಕೋಣೆಯ ಗೋಡೆಯಲ್ಲಿ ಬಿರುಕೊಂದು ಕಾಣಿಸಿಕೊಂಡಿದೆ. ಬರುವ ಬೇಸಿಗೆಯಲ್ಲಿ ಅದನ್ನು ನೋಡೋಣವೆಂದು ತಂದೆ ಮಗ ಮಾತಾಡಿಕೊಂಡಿದ್ದಾರೆ. ಕಿರಿಯವಳು ಎರಡನೆಯ ಬಾರಿಯ ಓದಿನಲ್ಲಿ ಹನ್ನೊಂದನೆಯ ಜುಝ್‌ಗೆ ಬಂದಿದ್ದಾಳೆ.