ಮರಣದ ಬರಹವೂ ಮನೆತನದ ಋಣವೂ

ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬುದು ನಮ್ಮ ನಾಡಿನ ಹಳೆಯ ನುಡಿ. ಆದರೆ ನೂರು ವರ್ಷಗಳ ಹಿಂದೆ ಅಳಿದ ಹಿರಿಯರ ಮರಣವನ್ನು ಇಂದಿನವರು ಕಾಣಬಹುದಾದುದು ಬರಹದಲ್ಲಿ ಮಾತ್ರ. ತಮ್ಮ ವಂಶಾವಳಿಯನ್ನು ಬರೆದಿಡಲು ಹೊರಟ ಭಕ್ತರು ನಮ್ಮನ್ನು ಕೇಳುವುದುಂಟು: “ಹಳೆಯ ಮರಣ ದಾಖಲೆಯಲ್ಲಿ, ಹಿರಿಯರು ಮುಚ್ಚಿಟ್ಟ ಸಂಗತಿಯೊಂದು ಕಂಡುಬಂದರೆ ಅದನ್ನು ಬರೆಯಬೇಕೆ, ಬಿಡಬೇಕೆ?” ಇದು ಸತ್ಯಕ್ಕೂ ಗೌರವಕ್ಕೂ ನಡುವೆ ಏಳುವ ಪ್ರಶ್ನೆ, ಆದುದರಿಂದ ಧರ್ಮದ ಪ್ರಶ್ನೆಯೂ ಹೌದು.

ಸಾವನ್ನು ಬರೆದಿಡುವುದು ನಮಗೆ ಹೊಸದೇನೂ ಅಲ್ಲ. ಬೆಂಗಳೂರೆಂಬ ಹೆಸರು ಕಾಣಿಸಿಕೊಳ್ಳುವ ಅತಿ ಪ್ರಾಚೀನ ಬರಹಗಳಲ್ಲೊಂದು ಬೇಗೂರಿನ ವೀರಗಲ್ಲು. ಸುಮಾರು ಕ್ರಿ.ಶ. 890ರದೆನ್ನಲಾದ ಆ ಶಾಸನ ಹೇಳುವುದು ಬೆಂಗಳೂರು ಕಾಳಗದಲ್ಲಿ ಮಡಿದವನೊಬ್ಬನ ಸುದ್ದಿಯನ್ನೇ. ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ ಊರೂರಿಗೆ ಬಂದು ಒಕ್ಕಲು ಮನೆತನಗಳ ತಲೆಮಾರುಗಳನ್ನು ಹೇಳುತ್ತ ಬಂದಿದ್ದಾರೆ. ದೂರದ ಸ್ವೀಡನ್ ದೇಶದಲ್ಲಿ 1686ರ ಚರ್ಚ್ ಕಾನೂನು, ಜನನ, ವಿವಾಹ, ಮರಣಗಳನ್ನು ಬರೆದಿಡಬೇಕೆಂದು ಪ್ರತಿ ಊರಿನ ಪಾದ್ರಿಗೂ ವಿಧಿಸಿತು. ಅಮೆರಿಕೆಗೆ ವಲಸೆ ಹೋದವರ ಮರಿಮಕ್ಕಳು ಇಂದಿಗೂ ಆ ಪುಸ್ತಕಗಳಲ್ಲಿ ತಮ್ಮ ಹಿರಿಯರನ್ನು ಅರಸುತ್ತಾರೆ.

ನಮ್ಮ ನಗರದಲ್ಲಿ ಈ ಅರಸುವಿಕೆ 1898ರ ಪ್ಲೇಗಿನ ಹೊಸ್ತಿಲಿಗೆ ಬಂದು ನಿಲ್ಲುವುದುಂಟು. ಆ ವರ್ಷ ಮಹಾಮಾರಿಯು ಕಿಕ್ಕಿರಿದ ಪೇಟೆಯ ಬೀದಿಗಳನ್ನು ಬರಿದುಮಾಡಿತು. ಗಾಳಿ ಬೆಳಕುಗಳಿಗೆ ಎಡೆಯಿರುವಂತೆ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ರೂಪುಗೊಂಡದ್ದು ಆ ಸಂಕಟದ ಹಿನ್ನೆಲೆಯಲ್ಲಿಯೇ. ಪ್ರತ್ಯೇಕ ಶಿಬಿರಗಳಿಗೆ ಒಯ್ಯುವರೆಂಬ ಭಯದಿಂದ ರೋಗಿಯನ್ನೂ, ಕೆಲವೆಡೆ ಸಾವನ್ನೂ ಮರೆಮಾಡಿದ ಮನೆಗಳಿದ್ದವು. ಇಂದು ನಾವು ತಣ್ಣನೆಯ ನೆರಳಿನಲ್ಲಿ ನಡೆಯುವ ಬೀದಿಗಳು ಆ ಸಾವುಗಳಿಗೆ ಋಣಿಯಾಗಿವೆ.

ಹೀಗಿರುವಾಗ, ಮುತ್ತಜ್ಜ ಶಾಂತವಾಗಿ ಲಿಂಗೈಕ್ಯರಾದರೆಂದು ಮನೆಯಲ್ಲಿ ಕೇಳಿ ಬೆಳೆದವನಿಗೆ ದಾಖಲೆಯಲ್ಲಿ ‘ಪ್ಲೇಗ್’ ಎಂಬ ಪದ ಕಂಡರೆ, ಅಜ್ಜಿ ಹೇಳಿದ್ದು ಸುಳ್ಳೆಂದು ತಿಳಿಯಬೇಕಾಗಿಲ್ಲ. ದಾಖಲೆ ದೇಹದ ಅಂತ್ಯವನ್ನು ಹೇಳುತ್ತದೆ. ಲಿಂಗೈಕ್ಯವೆಂಬ ಮಾತು ಜೀವದ ಗತಿಯನ್ನು ಹೇಳುತ್ತದೆ. ಒಂದು ಇನ್ನೊಂದನ್ನು ಅಲ್ಲಗಳೆಯದು. ರೋಗ ಪಾಪವಲ್ಲ, ಅದನ್ನು ಬರೆಯುವುದು ಅವಮಾನವೂ ಅಲ್ಲ. ಆದರೆ ಹಿರಿಯರು ಅಂದು ಮುಚ್ಚಿಟ್ಟರೆಂದು ಇಂದು ಅವರನ್ನು ಕಟಕಟೆಯಲ್ಲಿ ನಿಲ್ಲಿಸಲೂ ಬಾರದು. ಅವರ ಭಯವನ್ನು ನಾವು ಅನುಭವಿಸಿಲ್ಲ. ನ್ಯಾಯಾಧೀಶನಂತೆ ಓದುವವನಿಗೆ ದೋಷ ಕಾಣುತ್ತದೆ. ಋಣಿಯಂತೆ ಓದುವವನಿಗೆ ದುಃಖ ಕಾಣುತ್ತದೆ. ಬದುಕಿರುವವರಿಗೆ ನೋವು ತರುವ ಸಂಗತಿಯನ್ನು ಬೀದಿಗೆ ತರದೆ ಕಾಯ್ದುಕೊಳ್ಳುವುದು ವಿವೇಕ. ಆದರೆ ಮನೆತನದ ಹಿರಿಮೆಗಾಗಿ ಒಂದು ಜೀವವನ್ನೇ ವಂಶಾವಳಿಯಿಂದ ಅಳಿಸುವುದು, ಸತ್ತವರನ್ನು ಮತ್ತೊಮ್ಮೆ ಸಾಯಿಸಿದಂತೆ. ಹಾಗೆ ಅಳಿದುಹೋಗುವವರು ಬಹುಮಟ್ಟಿಗೆ ಹೆಸರಿಡುವ ಮೊದಲೇ ತೀರಿಕೊಂಡ ಶಿಶುಗಳು, ಹೆಣ್ಣುಮಕ್ಕಳು, ವಿಧವೆಯರು.

ಓದುವುದಕ್ಕೂ ಒಂದು ಶಿಸ್ತು ಬೇಕು. ಹಳೆಯ ದಾಖಲೆಗಳಲ್ಲಿ ಎಷ್ಟೋ ಬಗೆಯ ಕಾಯಿಲೆಗಳು ‘ಜ್ವರ’ ಎಂಬ ಒಂದೇ ಪದದೊಳಗೆ ಅಡಗಿವೆ. ಸ್ವೀಡನ್ನಿನ ಪಾದ್ರಿಗಳೂ ಮರಣಕಾರಣವಾಗಿ ‘ಮುಪ್ಪು’ ಎಂದು ಬರೆದದ್ದುಂಟು. ಅದು ಬರೆದವನ ತಿಳಿವಳಿಕೆಯೇ ಹೊರತು ವೈದ್ಯನ ನಿರ್ಣಯವಲ್ಲ. ಅಲ್ಲದೆ, ನಮ್ಮವರ ಹೆಸರು ಸಿಕ್ಕ ಕೂಡಲೇ ಪುಸ್ತಕವನ್ನು ಮುಚ್ಚಬಾರದು. ಅದರ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಓದಬೇಕು. ಅಲ್ಲಿ ಬೇರೆ ಕುಲದವನಿದ್ದಾನೆ, ಬೇರೆ ಮತದವನಿದ್ದಾನೆ. ಸತ್ತದ್ದು ಅದೇ ವಾರ, ಅದೇ ಬೇನೆಯಿಂದ. ಹುಟ್ಟಿನಿಂದ ಯಾರೂ ಮೇಲಲ್ಲವೆಂದು ಶರಣರು ಸಾರಿದ್ದನ್ನು ಆ ಪುಟ ಮೌನವಾಗಿ ತೋರಿಸುತ್ತದೆ. ಕುಲದ ಹೆಮ್ಮೆಯನ್ನು ಅರಸಿ ಹೋದವನು ಅಲ್ಲಿ ಸಮತೆಯನ್ನು ಕಂಡು ಬಂದರೆ, ಅವನ ಶ್ರಮ ಸಾರ್ಥಕ.

ಕೊನೆಯದಾಗಿ ಒಂದು ಮಾತು. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಸಾವನ್ನು 21 ದಿನಗಳೊಳಗೆ ತಿಳಿಸತಕ್ಕದ್ದು. ಶೋಕದ ಆ ದಿನಗಳಲ್ಲಿ ಹೆಸರನ್ನೋ ವಯಸ್ಸನ್ನೋ ಹೇಗೋ ಬರೆಯಿಸಿ ಬರುವವರುಂಟು. ಅದು ಸಲ್ಲದು. ತಾಯಿಯ ಪೂರ್ಣ ಹೆಸರನ್ನು ನೆಟ್ಟಗೆ ಬರೆಯಿಸುವುದೂ ಅವಳಿಗೆ ಸಲ್ಲಿಸುವ ಕೊನೆಯ ಸೇವೆಗಳಲ್ಲೊಂದು. ಹಿರಿಯರ ಸತ್ಯವನ್ನು ಅರಸುವ ನಾವು, ಮುಂದಿನವರಿಗೆ ಸತ್ಯವನ್ನೇ ಬಿಟ್ಟುಹೋಗೋಣ.