ಚಪ್ಪಲಿ ಬಿಡುವ ಗುಡಿ, ಬಿಡದ ಗುಡಿ

ಹಚ್ಚೊಳ್ಳಿ ಹೋಬಳಿಯ ಊರುಗಳಿಂದ ಹೊಳೆ ಹರಿಯುವ ದಿಕ್ಕಿಗೆ ಹೋದರೆ ಮಂತ್ರಾಲಯ; ಹೊಳೆ ಬರುವ ದಿಕ್ಕಿಗೆ ಹೋದರೆ ಸಿರುಗುಪ್ಪ, ಕಂಪ್ಲಿ ದಾಟಿ ಹಂಪಿ. ಎರಡೂ ತುಂಗಭದ್ರೆಯ ದಂಡೆಯ ಊರುಗಳು. ಬೆಳಗಿನ ಜಾವ ಬುತ್ತಿ ಕಟ್ಟಿಕೊಂಡು ಹೊರಟರೆ ಯಾವುದನ್ನಾದರೂ ಒಂದು ದಿನದಲ್ಲಿ ಮುಗಿಸಿ ಬರಬಹುದು. ಮಂತ್ರಾಲಯದ ದಿನ ಮೊದಲಿನಿಂದ ಕೊನೆಯವರೆಗೂ ಒಂದೇ ಬಗೆಯದು, ರಾಯರ ಬೃಂದಾವನದ ಸುತ್ತಲಿನದು. ಹಂಪಿಯ ದಿನ ಮಾತ್ರ ನಡು ಮಧ್ಯಾಹ್ನಕ್ಕೆ ಎರಡು ಹೋಳಾಗುತ್ತದೆ. ಬೆಳಿಗ್ಗೆ ಹೊಳೆಯಲ್ಲಿ ಮುಳುಗಿ, ಮಕ್ಕಳ ಕೂದಲು ಕೊಟ್ಟು, ಚಪ್ಪಲಿಯನ್ನು ಗೋಪುರದ ಹೊರಗೆ ಬಿಟ್ಟು, ಕಾಯಿ ಹಿಡಿದು ವಿರೂಪಾಕ್ಷನ ಮುಂದೆ ನಿಂತ ಕುಟುಂಬವೇ ಊಟವಾದ ಮೇಲೆ ಬ್ಯಾಟರಿ ಗಾಡಿ ಹತ್ತಿ ವಿಜಯ ವಿಠ್ಠಲನ ಗುಡಿಗೆ ಹೋಗುತ್ತದೆ. ಅಲ್ಲಿ ಟಿಕೆಟ್ ತೆಗೆಸಿ, ಚಪ್ಪಲಿ ಮೆಟ್ಟಿಕೊಂಡೇ ಮಂಟಪ ಏರಿ, ಐವತ್ತು ರೂಪಾಯಿ ನೋಟಿನ ಮೇಲಿರುವ ಕಲ್ಲಿನ ತೇರಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತದೆ. ಎರಡೂ ಗುಡಿಗಳಲ್ಲಿ ಅದೇ ವಿಜಯನಗರದ ಕಂಬ, ಅದೇ ಯಾಳಿ. ಎಲ್ಲಿ ಬರಿಗಾಲು, ಎಲ್ಲಿ ಮೆಟ್ಟಿದ ಕಾಲು ಎಂದು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಆದರೂ ಎಲ್ಲರಿಗೂ ಗೊತ್ತಿರುತ್ತದೆ. ಪೂಜೆ ನಿಂತುಹೋದ ಗುಡಿಗೆ ನಾವು ಏನಾದರೂ ಸಲ್ಲಿಸಬೇಕೋ, ಅಥವಾ ದೇವರು ಎದ್ದುಹೋದ ಮೇಲೆ ಉಳಿದದ್ದು ಕೇವಲ ಕಲ್ಲೋ ಎಂಬುದು ಧರ್ಮದ ಪ್ರಶ್ನೆ. ಹಂಪಿಗೆ ಹೋಗುವ ಪ್ರತಿಯೊಬ್ಬರೂ ಅದಕ್ಕೆ ಬಾಯಲ್ಲಲ್ಲ, ಕಾಲಿನಲ್ಲೇ ಉತ್ತರ ಕೊಟ್ಟು ಬರುತ್ತಾರೆ.

ಕಾಲು ಕೊಡುವ ಈ ಉತ್ತರಕ್ಕೆ ಶಾಸ್ತ್ರದ ಬೆಂಬಲವೂ ಇದೆ, ಕಾಯಿದೆಯ ಬೆಂಬಲವೂ ಇದೆ. ಆಗಮಗಳ ಲೆಕ್ಕದಲ್ಲಿ ಮೂರ್ತಿ ತನ್ನಷ್ಟಕ್ಕೆ ದೇವರಲ್ಲ. ಪ್ರಾಣಪ್ರತಿಷ್ಠೆಯಾದ ಮೇಲೆ ದೇವರು, ಭಿನ್ನವಾದರೆ ಪೂಜೆಗೆ ಸಲ್ಲದು. ಪುರಾತತ್ವ ಇಲಾಖೆಯೂ ಹೆಚ್ಚುಕಡಿಮೆ ಇದೇ ಗೆರೆಯನ್ನು ಎಳೆದಿದೆ. ತನ್ನ ರಕ್ಷಣೆಗೆ ಬರುವಾಗ ಪೂಜೆ ನಡೆಯುತ್ತಿದ್ದ ಗುಡಿಯಲ್ಲಿ ಅದು ಮುಂದುವರಿಯಲಿ, ನಿಂತುಹೋಗಿದ್ದ ಕಡೆ ಹೊಸದಾಗಿ ಶುರುವಾಗುವುದು ಬೇಡ ಎಂಬುದು ಅದರ ನಿಲುವು. 1958ರ ಸಂರಕ್ಷಣಾ ಕಾಯಿದೆಯೂ ಪೂಜಾಸ್ಥಳವಾದ ಸ್ಮಾರಕವನ್ನು ಅದರ ಸ್ವಭಾವಕ್ಕೆ ಒಗ್ಗದ ಕೆಲಸಕ್ಕೆ ಬಳಸಬಾರದೆನ್ನುತ್ತದೆ. ಜನರ ಬಳಿ ಇದಕ್ಕಿಂತ ಸೊಗಸಾದ ಕಥೆಯೊಂದಿದೆ. ವಿಠ್ಠಲನಿಗೆ ಹಂಪಿಯ ಗುಡಿ ಅತಿಯಾದ ವೈಭವವೆನಿಸಿ ಅವನು ಪಂಢರಪುರದ ತನ್ನ ಸಾದಾ ಗುಡಿಗೇ ಮರಳಿದನಂತೆ. ಆಗಮ, ಕಾಯಿದೆ, ಕಥೆ ಮೂರೂ ಒಪ್ಪುವ ಮಾತೆಂದರೆ ದೇವರು ಈಗ ಇಲ್ಲಿಲ್ಲ. ಅದನ್ನು ನಾನೂ ಅಲ್ಲಗಳೆಯುವುದಿಲ್ಲ. ದೇವರಿಲ್ಲವಾದ್ದರಿಂದ ಋಣವೂ ಇಲ್ಲ ಎಂದು ಇದರ ಮೇಲೆ ಕಟ್ಟುವ ತೀರ್ಮಾನವನ್ನು ಮಾತ್ರ ಒಪ್ಪಲಾರೆ.

ಏಕೆಂದರೆ ಗುಡಿ ಕಟ್ಟಿದವರು ದೇವರೊಬ್ಬನ ಜೊತೆ ಮಾತಾಡಿ ಸುಮ್ಮನಾಗಲಿಲ್ಲ. ಇನ್ನೂ ಹುಟ್ಟದವರ ಜೊತೆಯೂ ಮಾತಾಡಿದರು, ಆ ಮಾತನ್ನು ಕಲ್ಲಿನ ಮೇಲೆ ಬರೆಸಿದರು. ದಾನಶಾಸನಗಳ ನಡೆ ಎಲ್ಲರಿಗೂ ಪರಿಚಿತ: ದಾನ ಕೊಟ್ಟವನ ಹೆಸರು, ಬಿಟ್ಟ ಊರು, ಎಲ್ಲೆಕಟ್ಟು, ಸೂರ್ಯ ಚಂದ್ರರು ಇರುವವರೆಗೆ ನಡೆಯಲೆಂಬ ಹಾರೈಕೆ. ಕೊನೆಯಲ್ಲಿ ಶಾಪದ ಶ್ಲೋಕ. ಈ ಧರ್ಮವನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುತ್ತಾನೆ. ಶಾಪವನ್ನು ನೆನೆದು ನಗುವವರು ಅದರ ಪಕ್ಕದಲ್ಲೇ ಬರುವ ಇನ್ನೊಂದು ಮಾತನ್ನು ಗಮನಿಸುವುದಿಲ್ಲ. ತಾನು ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಕಾಪಾಡುವುದರಲ್ಲಿ ಇಮ್ಮಡಿ ಪುಣ್ಯ ಎಂದು ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಇದು ಸಣ್ಣ ಮಾತಲ್ಲ. ದಾನವನ್ನೇ ಹಿರಿದೆಂದು ಹಾಡಿದ ಸಮಾಜ ಪಾಲನೆಯನ್ನು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಕೂರಿಸಿತು. ಕೃಷ್ಣದೇವರಾಯನೇ ಇದಕ್ಕೆ ಸಾಕ್ಷಿ. ವಿರೂಪಾಕ್ಷ ಗುಡಿಯ 1510ರ ಶಾಸನದಂತೆ ಅವನು ಪಟ್ಟಾಭಿಷೇಕದ ಸಂದರ್ಭದಲ್ಲಿ ರಂಗಮಂಟಪ ಕಟ್ಟಿಸಿದ್ದಷ್ಟೇ ಅಲ್ಲ, ಮೊದಲೇ ಇದ್ದ ಹಿರಿಯ ಗೋಪುರದ ಜೀರ್ಣೋದ್ಧಾರವನ್ನೂ ಮಾಡಿಸಿದ. ಅಷ್ಟು ದೊಡ್ಡ ಅರಸನೂ ಬೇರೆಯವರ ಧರ್ಮದ ಕಾವಲುಗಾರನಾಗುವುದನ್ನು ತನ್ನ ಹೆಗ್ಗಳಿಕೆಯ ಪಟ್ಟಿಯಲ್ಲಿ ಸೇರಿಸಿಕೊಂಡ. ಸಿರುಗುಪ್ಪ ಸೀಮೆಯವರಿಗಂತೂ ಇಂಥ ಬರಹ ಹಂಪಿಗಿಂತ ಎಷ್ಟೋ ಹಳೆಯದು. ನಿಟ್ಟೂರು, ಉಡೇಗೋಳಂ ಬಂಡೆಗಳ ಮೇಲೆ ಅಶೋಕನ ಹೆಸರಿರುವ ಶಾಸನಗಳಿವೆ, ಕ್ರಿಸ್ತಪೂರ್ವ ಮೂರನೆಯ ಶತಮಾನದವು. ತನ್ನ ಮಾತು ಬಹುಕಾಲ ಉಳಿಯಲಿ ಎಂಬ ಆಸೆಯಿಂದಲೇ ಅಶೋಕ ಬಂಡೆಯನ್ನು ಆರಿಸಿಕೊಂಡವನು. ಅಶೋಕ ನಂಬಿದ ಬೌದ್ಧ ಧರ್ಮವನ್ನು ಇಂದು ನಮ್ಮ ಸೀಮೆಯಲ್ಲಿ ಪಾಲಿಸುವವರು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಆ ಬಂಡೆಯನ್ನು ಜಲ್ಲಿಕಲ್ಲು ಮಾಡಬಹುದೆಂದು ಯಾರೂ ಹೇಳಲಾರರು. ವಿಠ್ಠಲನ ಗುಡಿಯ ಮಾತೂ ಇದೇ. ದೇವರು ಹೋದಾಗ ಶಾಸನದ ಒಬ್ಬ ಸಾಕ್ಷಿ ಹೋದ. ಅದು ಯಾರನ್ನು ಕರೆದು ಹೇಳಿತೋ ಆ ಮುಂದೆ ಬರುವವರು ಇನ್ನೂ ಬರುತ್ತಲೇ ಇದ್ದಾರೆ, ಕೈಯಲ್ಲಿ ಟಿಕೆಟ್ ಹಿಡಿದುಕೊಂಡು.

ಇದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪ ಇತಿಹಾಸದ ಕಡೆಯಿಂದ ಬರುತ್ತದೆ. ಯಾರ ದಾನ, ಯಾರ ಧರ್ಮ? ಹಂಪಿಯ ಕೃಷ್ಣ ಗುಡಿಯನ್ನೇ ನೋಡಿ. ಕೃಷ್ಣದೇವರಾಯ ಉದಯಗಿರಿಯನ್ನು ಗೆದ್ದು, ಅಲ್ಲಿಂದ ತಂದ ಬಾಲಕೃಷ್ಣನನ್ನು ಇಲ್ಲಿ ಪ್ರತಿಷ್ಠಾಪಿಸಿದ. 1515ರ ಶಾಸನ ಅದನ್ನು ಮುಚ್ಚಿಡುವುದಿಲ್ಲ, ಮೆರೆಸುತ್ತದೆ. ಅಂದರೆ ದೇವರೇ ಯುದ್ಧದ ಗಳಿಕೆ. ಮುಂದೆ ಆ ಮೂರ್ತಿಯೂ ಭಿನ್ನವಾಯಿತು, ಈಗ ಅದಿರುವುದು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಒಂದು ಊರಿನ ದೇವರನ್ನು ಕಿತ್ತು ಇನ್ನೊಂದು ಊರಿನಲ್ಲಿ ನೆಟ್ಟ ಅರಸನ ಸಂಕಲ್ಪಕ್ಕೆ ಐದು ಶತಮಾನದ ಮೇಲೆ ನಾವೇಕೆ ಬದ್ಧರಾಗಬೇಕು? ಈ ಪ್ರಶ್ನೆಯನ್ನು ಜಾರಿಸಿಬಿಡುವುದು ಸರಿಯಲ್ಲ. ನನ್ನ ಉತ್ತರವಿಷ್ಟು: ಪಾಲನೆ ಎಂದರೆ ಮೆಚ್ಚುಗೆಯಲ್ಲ. ಶಾಸನಗಳು ಕೊಟ್ಟವನ ಯೋಗ್ಯತೆಯನ್ನು ಅಳೆದು ನೋಡಿ ಆಮೇಲೆ ಕಾಯಿರಿ ಎನ್ನುವುದಿಲ್ಲ. ಅಪ್ಪ ಜೂಜಾಡಿ ಗಳಿಸಿದ ಹೊಲವೆಂದು ಮಗ ಅದರ ಬದುವನ್ನು ಒಡೆಯುವುದಿಲ್ಲ. ಉದಯಗಿರಿಯ ದುಃಖ ನಮಗೆ ಇಂದು ತಿಳಿಯುವುದಾದರೂ ಆ ಕಲ್ಲು ಉಳಿದದ್ದರಿಂದಲೇ. ಗುಡಿಯನ್ನು ಕಾಯುವವನು ಗೆದ್ದವನ ಹೊಗಳಿಕೆಯ ಜೊತೆಗೆ ಅವನ ಮೇಲಿನ ದೂರನ್ನೂ ಕಾಯುತ್ತಾನೆ.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧವಾಗಿ ಹಂಪಿ ಲೂಟಿಯಾಯಿತು. ಮರುವರ್ಷದ ಆಗಸ್ಟ್‌ನಲ್ಲಿ, ಇಂದು ಬೆಲ್ಜಿಯಂ ಎನಿಸಿಕೊಳ್ಳುವ ನಾಡಿನ ಆಂಟ್‌ವರ್ಪ್, ಗೆಂಟ್ ಪಟ್ಟಣಗಳಲ್ಲಿ ಪ್ರಾಟೆಸ್ಟೆಂಟ್ ಗುಂಪುಗಳು ಚರ್ಚುಗಳಿಗೆ ನುಗ್ಗಿ ಮೂರ್ತಿಗಳನ್ನು ಒಡೆದವು. ಒಂದು ಕಡೆ ಸುಲ್ತಾನರ ಸೈನ್ಯ, ಇನ್ನೊಂದು ಕಡೆ ಅದೇ ಕ್ರಿಸ್ತನ ಹೆಸರು ಹೇಳುವ ಊರವರೇ. ಕಾರಣಗಳು ಬೇರೆ, ಕಲ್ಲಿನ ಪಾಡು ಒಂದೇ. ಗೆಂಟ್‌ನಲ್ಲಿ ವಾನ್ ಐಕ್ ಸಹೋದರರು 1432ರಲ್ಲಿ ಮುಗಿಸಿದ ಮಡಿಸುವ ಹಲಗೆಗಳ ದೊಡ್ಡ ಪೂಜಾಚಿತ್ರವೊಂದು ಚರ್ಚಿನಲ್ಲಿತ್ತು. ಅದನ್ನು ಬರೆಸಿದ ಯೂಸ್ ವೇಟ್ ಎಂಬ ಸಿರಿವಂತ ತನ್ನ ಮತ್ತು ಹೆಂಡತಿಯ ಆತ್ಮಗಳಿಗಾಗಿ ಅದರ ಮುಂದೆ ನಿತ್ಯ ಪೂಜೆ ನಡೆಯಲೆಂದು ದತ್ತಿ ಬಿಟ್ಟಿದ್ದ; ನಮ್ಮ ಶಾಸನಗಳ ದತ್ತಿಗಿಂತ ಬೇರೆಯೇನಲ್ಲ. ಗಲಭೆಯಾದಾಗ ಚಿತ್ರವನ್ನು ಗೋಪುರದ ಮೇಲೆ ಬಚ್ಚಿಟ್ಟು ಉಳಿಸಿಕೊಂಡರು. 1934ರಲ್ಲಿ ಕಳುವಾದ ಅದರ ಒಂದು ಹಲಗೆ ಇಂದಿಗೂ ಸಿಕ್ಕಿಲ್ಲ, ಆ ಜಾಗದಲ್ಲಿ ನಕಲಿದೆ. ಇಂದು ಒಂದು ದಿನದ ಮಟ್ಟಿಗೆ ಗೆಂಟ್ ನೋಡಲು ಬಂದವರು ಹಣ ಕೊಟ್ಟು ಗಾಜಿನಾಚೆಯ ಚಿತ್ರವನ್ನು ನೋಡುತ್ತಾರೆ. ಅದೇ ಚರ್ಚಿನಲ್ಲಿ ಪ್ರಾರ್ಥನೆಗೆ ಬಂದವರು ಹಣವಿಲ್ಲದೆ ಮಂಡಿಯೂರುತ್ತಾರೆ. ಆ ಹಲಗೆಗಳನ್ನು ಗೋಪುರಕ್ಕೆ ಹೊತ್ತವರು ಪೂಜೆಯನ್ನು ಉಳಿಸಲು ಹೊತ್ತರೋ, ಚಿತ್ರವನ್ನು ಉಳಿಸಲು ಹೊತ್ತರೋ? ಆ ಗಳಿಗೆಯಲ್ಲಿ ಎರಡೂ ಬೇರೆ ಬೇರೆಯಾಗಿರಲಿಲ್ಲ ಎಂದೇ ನನಗೆ ಅನಿಸುತ್ತದೆ.

ಎರಡನೆಯ ಆಕ್ಷೇಪ ನಮ್ಮ ಮನೆಯೊಳಗಿನದು. ಬಳ್ಳಾರಿ ಸೀಮೆಯ ಮನೆಮನೆಯಲ್ಲೂ ಶರಣರ ಮಾತಿದೆ, ಸ್ಥಾವರವನ್ನು ನಂಬಬೇಡವೆನ್ನುವ ಎಚ್ಚರವಿದೆ. ಕಲ್ಲಿಗೆ ಕೈ ಮುಗಿಯುವುದೇ ಬೇಡವೆಂದವರ ಮುಂದೆ, ದೇವರೂ ಇಲ್ಲದ ಕಲ್ಲಿಗೆ ಋಣವೆನ್ನುವುದು ಎರಡು ಪಟ್ಟು ಮೌಢ್ಯವಾಗಿ ಕಂಡೀತು. ಆದರೆ ಶರಣರು ಪ್ರಶ್ನಿಸಿದ್ದು ಕಲ್ಲಿನಲ್ಲಿ ದೇವರನ್ನು ಕೂಡಿಹಾಕುವುದನ್ನು, ಗುಡಿ ಕಟ್ಟಿಸಬಲ್ಲವನಿಗೆ ಮಾತ್ರ ದೇವರು ದಕ್ಕುವುದನ್ನು. ಇನ್ನೊಬ್ಬರ ಕಾಯಕವನ್ನು ಹಗುರವಾಗಿ ಕಾಣುವುದು ಅವರ ದಾರಿಯಲ್ಲ. ವಿಠ್ಠಲನ ಮಂಟಪದ ಒಂದೊಂದು ಕಂಬವೂ ಹೆಸರು ಉಳಿಯದ ಕಲ್ಲುಕುಟಿಗನೊಬ್ಬನ ದುಡಿಮೆ. ಆ ಕಂಬಗಳು ನಾದ ಕೊಡುತ್ತವೆಂದು ಬಡಿದು ಬಡಿದೇ ಸವೆಸಿದ್ದೇವೆ, ಈಗ ಮುಟ್ಟುವುದಕ್ಕೇ ತಡೆಯಿದೆ. ದೇವರ ಮಾತನ್ನು ಪೂರ್ತಿ ಬದಿಗಿಟ್ಟರೂ ಆ ದುಡಿಮೆಗೆ ಸಲ್ಲಬೇಕಾದದ್ದು ಉಳಿದೇ ಇರುತ್ತದೆ. ಕಾಯಕವನ್ನು ನಂಬಿದವರಿಗೆ ಆಗಮವನ್ನು ನಂಬಿದವರಿಗಿಂತ ಈ ಋಣ ಹೆಚ್ಚೇ ಕಾಣಬೇಕು.

ಋಣವಿದೆ ಎಂದಾದರೆ ಪೂಜೆಯನ್ನೇ ಮತ್ತೆ ಶುರುಮಾಡಬಾರದೇಕೆ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ತರ್ಕ ನೇರವಾಗಿದೆ, ಆದರೂ ನನಗೆ ಒಪ್ಪಿಗೆಯಿಲ್ಲ. 1856ರಲ್ಲಿ ಗ್ರೀನ್‌ಲಾ ಎಂಬ ಅಧಿಕಾರಿ ತೆಗೆದ ಫೋಟೊದಲ್ಲಿ ಕಲ್ಲಿನ ತೇರಿನ ಮೇಲೆ ಇಟ್ಟಿಗೆಯ ಶಿಖರವಿದೆ, ಈಗ ಅದಿಲ್ಲ. ಪೂಜೆಗೆ ಪೂರ್ಣವಾದದ್ದು ಬೇಕು. ಹಾಗಾಗಿ ಶಿಖರ ಕಟ್ಟಬೇಕು, ಭಿನ್ನವಾದದ್ದನ್ನು ತೆಗೆದು ಹೊಸದನ್ನು ಕೂರಿಸಬೇಕು, ದೀಪದ ಮಸಿ, ಎಣ್ಣೆ, ಸುಣ್ಣಬಣ್ಣ ಬರಬೇಕು, ಹುಂಡಿ ಬರಬೇಕು. ಆಗ ಕಾಪಾಡಿದ್ದು ನಮ್ಮ ಹೊಸ ಗುಡಿಯನ್ನೇ ಹೊರತು ಅವರ ಗುಡಿಯನ್ನಲ್ಲ. 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದ ಲಕ್ಷ್ಮೀನರಸಿಂಹನನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ತೊಡೆಯ ಮೇಲಿದ್ದ ಲಕ್ಷ್ಮಿ ಇಲ್ಲ. ಅವನ ಬೆನ್ನ ಮೇಲೆ ಉಳಿದ ಅವಳ ಕೈಯಷ್ಟೇ ಅವಳಿದ್ದಳೆಂದು ಹೇಳುತ್ತದೆ. ಹೊಸ ಲಕ್ಷ್ಮಿಯನ್ನು ಕೂರಿಸಿದ ದಿನ ಆ ಕೈ ಹೇಳುವ ಮಾತು ನಿಂತುಹೋಗುತ್ತದೆ. ಪಕ್ಕದಲ್ಲೇ ನೀರಿನಲ್ಲಿ ನಿಂತ ಬಡವಿಲಿಂಗವಿದೆ, ಅದು ಭಿನ್ನವಾಗಿಲ್ಲ. ಮುಪ್ಪಿನಲ್ಲೂ ಬಿಡದೆ ನೀರಿಗಿಳಿದು ಅದಕ್ಕೆ ಪೂಜೆ ಮಾಡುತ್ತಿದ್ದ ಅರ್ಚಕರೊಬ್ಬರನ್ನು ಹಿಂದೆ ಹಂಪಿಗೆ ಬಂದ ಎಷ್ಟೋ ಜನ ಕಂಡಿದ್ದಾರೆ. ಎರಡೂ ಅಕ್ಕಪಕ್ಕದಲ್ಲಿದ್ದು, ಒಂದಕ್ಕೆ ಪೂಜೆ, ಇನ್ನೊಂದಕ್ಕೆ ಪೂಜೆಯಿಲ್ಲದ ಗೌರವ ಸಲ್ಲಬಹುದೆಂದು ತೋರಿಸಿವೆ.

ಪಾಲನೆಯ ಹೆಸರಿನಲ್ಲಿ ತಪ್ಪು ನಡೆಯುವುದಿಲ್ಲವೆಂದು ಇದರ ಅರ್ಥವಲ್ಲ. 2011ರ ಜುಲೈನಲ್ಲಿ ಹಂಪಿಯ ತೇರುಬೀದಿಯ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ, ಅಂಗಡಿಗಳನ್ನು ಒಡೆಸಲಾಯಿತು. ಕಾಯಿದೆಯ ಲೆಕ್ಕದಲ್ಲಿ ಅದು ಒತ್ತುವರಿ ತೆರವು. ಆದರೆ ಆ ಬೀದಿ ಹುಟ್ಟಿದಾಗಿನಿಂದ ಪೇಟೆ. ಕಟ್ಟಿದವರೇ ಅಂಗಡಿಗಾಗಿ ಕಟ್ಟಿಸಿದ ಸಾಲು. ಅಲ್ಲಿ ಮಾರುವವರನ್ನು ಎಬ್ಬಿಸಿ ಕಂಬಗಳನ್ನು ಉಳಿಸಿದಾಗ ಯಾರ ಸಂಕಲ್ಪ ಉಳಿಯಿತು? ದೇವರ ದತ್ತಿಯೆಂದರೆ ಅಡುಗೆಯವರು, ಹೂವಿನವರು, ಓಲಗದವರು, ಎಲ್ಲರ ಹೊಟ್ಟೆಯೂ ಅದರೊಳಗೇ ಇರುತ್ತಿತ್ತು. ಜನರನ್ನು ಕಳೆದು ಕಲ್ಲನ್ನಷ್ಟೇ ಕಾಯುವುದು ಶಾಸನದ ಅರ್ಧವನ್ನು ಓದಿ ಕೈಬಿಟ್ಟ ಹಾಗೆ. ಇಲ್ಲಿ ಕಾವಲುಗಾರನೇ ಕೆಡಿಸಿದನೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಇನ್ನು ಒಂದು ದಿನದಲ್ಲಿ ಬಂದು ಹೋಗುವವರಿಂದ ಏನು ಪಾಲನೆ ಸಾಧ್ಯ ಎಂಬ ಮಾತು. ಅವಧಿಯಿಂದ ಇದನ್ನು ಅಳೆಯುವುದಾದರೆ ಯಾತ್ರಿಕರೂ ಸೋಲುತ್ತಾರೆ. ಜಾತ್ರೆಯ ದಿನ ವಿರೂಪಾಕ್ಷನ ಮುಂದೆ ಸಿಗುವುದು ಕ್ಷಣಗಳು ಮಾತ್ರ, ಅದನ್ನು ಯಾರೂ ಕಡಿಮೆಯೆನ್ನುವುದಿಲ್ಲ. ಬಂದುಹೋಗುವವರ ಕೈಯಲ್ಲಿ ಒಂದೇ ಗಳಿಗೆಯಲ್ಲಿ ಏನಾಗಬಹುದು ಎಂಬುದನ್ನು 2019ರ ಫೆಬ್ರುವರಿಯಲ್ಲಿ ನಾಡೇ ವಿಡಿಯೊದಲ್ಲಿ ನೋಡಿತು. ಆನೆಲಾಯದ ಹಿಂದಿನ ಪೂಜೆಯಿಲ್ಲದ ವಿಷ್ಣು ಗುಡಿಯೊಂದರ ಬಳಿ ಕೆಲವು ಯುವಕರು ಮೋಜಿಗಾಗಿ ಕಂಬಗಳನ್ನು ತಳ್ಳಿ ಬೀಳಿಸಿದರು. ಅದೇ ಹುಡುಗರು ವಿರೂಪಾಕ್ಷನ ಗುಡಿಯೊಳಗೆ ಹಾಗೆ ಮಾಡುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಮೆಟ್ಟಿದ ಕಾಲಿನ ಉತ್ತರವನ್ನು ಅವರು ಕೊನೆಯವರೆಗೂ ಎಳೆದರು, ಅಷ್ಟೇ. ಹೊಸಪೇಟೆಯ ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿ, ಬೀಳಿಸಿದ ಕಂಬಗಳನ್ನು ಅವರೇ ಎತ್ತಿ ನಿಲ್ಲಿಸಬೇಕೆಂದಿತು. ಪುರಾತತ್ವ ಇಲಾಖೆಯವರ ಕಣ್ಣೆದುರು ಅವರು ಹಾಗೆಯೇ ಮಾಡಿದರು. ಅರವತ್ತು ಸಾವಿರ ವರ್ಷಗಳ ಹುಳುಜನ್ಮವನ್ನು ಬರೆಸಿದವರು ಇಂಥ ಶಿಕ್ಷೆಯನ್ನು ಊಹಿಸಿರಲಿಕ್ಕಿಲ್ಲ, ಕಂಡಿದ್ದರೆ ಬಹುಶಃ ಇದನ್ನೇ ಬರೆಸುತ್ತಿದ್ದರು.