ಎರಡು ರಕಾರ

ಹೊಳೆನರಸೀಪುರ ಎಂಬ ಹೆಸರಿನಲ್ಲಿ ಎರಡು ‘ರ’ ಇವೆ. ನಮ್ಮೂರ ಪೇಂಟರ್ ಅಂಗಡಿ ಬೋರ್ಡಿನ ಮೇಲೆ ಬರೆದಾಗ ಅವೆರಡೂ ಒಂದೇ ಬಗೆಯಾಗಿರುತ್ತಿರಲಿಲ್ಲ. ನಡುವಿನದು ಅಕ್ಕಪಕ್ಕದವರಿಗೆ ಜಾಗ ಬಿಟ್ಟು ಮುದುರಿಕೊಂಡಿರುತ್ತಿತ್ತು. ಕೊನೆಯದಕ್ಕೆ ಮುಂದೆ ಯಾರೂ ಇಲ್ಲವಲ್ಲ, ಅದರ ತಲೆಕಟ್ಟು ಬೋರ್ಡಿನ ಅಂಚಿನವರೆಗೂ ಬಾಲ ಬಿಡುತ್ತಿತ್ತು. ಕಂಪ್ಯೂಟರಿನ ‘ಬ್ರಷ್’ ಅಕ್ಷರದಲ್ಲಿ ಎರಡೂ ಒಂದೇ. ಕುಂಚದ ಅವಸರವೂ ಅದೇ, ಬಣ್ಣ ತೀರಿದ ಗುರುತೂ ಅದೇ ಜಾಗದಲ್ಲಿ. ಇದನ್ನು ಸುಳ್ಳು ಎನ್ನೋಣವೇ?

ದಪ್ಪಗೆ, ನಿರಾಳವಾಗಿ, ಸುಮ್ಮನೆ ಕೈಯಾಡಿಸಿದಂತೆ ಕಾಣುವ ಈ ಅಚ್ಚಕ್ಷರ ಹೊಸದೇನಲ್ಲ. ಅಮೆರಿಕನ್ ಟೈಪ್ ಫೌಂಡರ್ಸ್ ಕಂಪನಿಗಾಗಿ ರಾಬರ್ಟ್ ಸ್ಮಿತ್ ‘ಬ್ರಷ್ ಸ್ಕ್ರಿಪ್ಟ್’ ರಚಿಸಿದ್ದು 1942ರಲ್ಲಿ. ಕೈಯ ಸಲೀಸನ್ನು ಲೋಹದಲ್ಲಿ ಎರಕ ಹೊಯ್ದದ್ದು ಅದು. ನಮ್ಮ ಸುಧಾ, ಪ್ರಜಾಮತದಂಥ ವಾರಪತ್ರಿಕೆಗಳಲ್ಲಿ ಬಹುಕಾಲ ಕಥೆಯ ತಲೆಬರಹವನ್ನು ಕಲಾವಿದರೇ ಕೈಯಾರೆ ಬರೆಯುತ್ತಿದ್ದರು. ಒಂದು ಕಥೆಗೆ ಒಂದು ಬರಹ, ಅಷ್ಟೆ.

ಶಾಲೆಯ ಗೋಡೆಗೆ ಹೆಸರು ಹಾಕಿಸುವ ಮಾತು ಬಂದಾಗ ಫ್ಲೆಕ್ಸ್ ಅಂಗಡಿಯ ಹುಡುಗ, “ಬ್ರಷ್ಷಲ್ಲಿ ಬರ್ದಂಗೇ ಇರ್ತದೆ ಮೇಡಂ, ಯಾರಿಗೂ ಗೊತ್ತಾಗಲ್ಲ” ಎಂದ. ಆ ಕೊನೆಯ ಮಾತು ನನ್ನನ್ನು ಕುಟುಕಿತು. ಪರೀಕ್ಷೆಯಲ್ಲಿ ಚೀಟಿ ತರುವ ಹುಡುಗರೂ ಇದನ್ನೇ ನಂಬಿರುತ್ತಾರೆ.

ಹಾಗೆಂದು ನಕಲೆಲ್ಲ ತಪ್ಪೆನ್ನಲಾರೆ. ಕಾಪಿ ಬರೆಸುವುದೇ ನನ್ನ ಕಸುಬು. ನಾನು ಬರೆದ ‘ಅ’ವನ್ನೇ ಇಡೀ ತರಗತಿ ತಿದ್ದುತ್ತದೆ. ಆದರೆ ಏಳನೆಯ ತರಗತಿಗೆ ಬರುವಷ್ಟರಲ್ಲಿ ಆ ‘ಅ’ ಒಬ್ಬೊಬ್ಬರಲ್ಲಿ ಒಂದೊಂದಾಗಿರುತ್ತದೆ. ಅಚ್ಚಿನ ಅಕ್ಷರಕ್ಕೆ ಆ ಭಾಗ್ಯವಿಲ್ಲ. ಒಂದೇ ಅಕ್ಷರಕ್ಕೆ ಎರಡು ಮೂರು ರೂಪವಿಟ್ಟು ಅದಲು ಬದಲು ಮಾಡುವ ಫಾಂಟುಗಳೂ ಈಗ ಇವೆ. ಮೊದಲೇ ಗೊತ್ತುಮಾಡಿಟ್ಟ ಉದಾಸೀನ ಎಂಥ ಉದಾಸೀನವೋ!

ಅಕ್ಷರ ರಚಿಸಿದವರನ್ನು ನಾನು ದೂರುತ್ತಿಲ್ಲ, ಅವರದೂ ದುಡಿಮೆಯೇ. ದೆಹಲಿಯಲ್ಲಿದ್ದ ಹನೀಫ್ ಕುರೇಶಿ (2024ರಲ್ಲಿ ತೀರಿಕೊಂಡರು) ಬೀದಿ ಪೇಂಟರುಗಳ ಬರಹವನ್ನು ಫಾಂಟಾಗಿಸಿ, ಅವಕ್ಕೆ ಪೇಂಟರುಗಳ ಹೆಸರನ್ನೇ ಇಟ್ಟರು: ಪೇಂಟರ್ ಕಫೀಲ್, ಪೇಂಟರ್ ಉಮೇಶ್. ಅಲ್ಲಿ ಕೈ ಯಾರದೆಂದು ಮುಚ್ಚಿಡಲಿಲ್ಲ. ಮುಚ್ಚಿಟ್ಟಾಗಲೇ ನನಗೆ ತಕರಾರು. ಕೆಲಸ ಹೋದವನ ಕೈಚಳಕವೊಂದು ಬೇಕು, ಅವನು ಬೇಡ! ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿತು. ಫ್ಲೆಕ್ಸೂ ಹೋಗಲಿಲ್ಲ, ಪೇಂಟರಿಗೆ ಕೆಲಸವೂ ಮರಳಲಿಲ್ಲ.

ನಾನು ಹಠ ಹಿಡಿದು ಪೇಂಟರನ್ನೇ ಕರೆಸಿದೆ. ಅವರು ದಾರಕ್ಕೆ ಬಣ್ಣ ಸವರಿ ಗೋಡೆಗೆ ಗೆರೆ ಹೊಡೆದರು. ಆಮೇಲೆ ನನ್ನ ಕಡೆ ತಿರುಗಿ, “ಕಂಪ್ಯೂಟರ್ ಪ್ರಿಂಟ್ ಇದ್ರೆ ಕೊಡಿ ಮೇಡಂ, ಅದ್ರಂಗೇ ಬರೀತೀನಿ. ಈಗ ಎಲ್ರೂ ಅದನ್ನೇ ಕೇಳೋದು” ಎಂದರು. ಕುಂಚವನ್ನು ಅನುಕರಿಸಿದ ಯಂತ್ರವನ್ನು ಈಗ ಕುಂಚ ಅನುಕರಿಸಬೇಕಂತೆ. ಪ್ರಿಂಟ್ ಇಲ್ಲ, ನಿಮ್ಮ ಕೈಗೆ ಬಂದಂತೆ ಬರೆಯಿರಿ ಎಂದೆ. ಸ್ವಲ್ಪ ಹೊತ್ತು ಗೋಡೆಯನ್ನೇ ನೋಡುತ್ತ ನಿಂತಿದ್ದು, ಆಮೇಲೆ ಶುರುಮಾಡಿದರು. ಫ್ಲೆಕ್ಸಿಗಿಂತ ಹೆಚ್ಚಾದ ಹಣವನ್ನು ನಾವು ಶಿಕ್ಷಕಿಯರೇ ಹಂಚಿಕೊಂಡೆವು. ಇಬ್ಬರು ಇವತ್ತಿಗೂ ಗೊಣಗುತ್ತಾರೆ.